ಕಚೇರಿ ಕಟ್ಟಡ ಯಾರ ಜವಾಬ್ದಾರಿ ಅಂತ ಒಬ್ಬರ ಹೆಸರು ಹೇಳ್ರಿ

ಮೊನ್ನೆ ಸಂಜಿಗೆ ನಮ್ಮ ನವನಗರದಾಗ ಜೋರು ಮಳಿ ಬಂತು. ಮಳಿ ಶುರುವಾತಂದ್ರ ನನ್ನ ಮನಸ್ಸು ಈಗೂ ಹಳೆ ಆಫೀಸಿನ ರೆಕಾರ್ಡ್ ರೂಮಿಗೇ ಓಡತೈತಿ ನೋಡ್ರಿ, ರಿಟೈರ್ ಆಗಿ 3 ವರ್ಷ ಆತು, ಆದ್ರೂ ಆ ಹೆದರಿಕಿ ಹೋಗವಲ್ದು.

ಆಫೀಸಿನ ಹೆಸರು ಬ್ಯಾಡ, ಬಾಗಲಕೋಟಿ ಜಿಲ್ಲೆದಾಗಿನ ಒಂದು ತಾಲೂಕು ಮಟ್ಟದ ಕಚೇರಿ ಅಂತ ತಿಳ್ಕೊರ್ರಿ. ನಾ ಅಲ್ಲಿ ಸೂಪರಿಂಟೆಂಡೆಂಟ್ ಇದ್ದೆ. ಶನಿವಾರ ಐತವಾರ ಎರಡೂ ದಿನ ಮಳಿ ಹೊಡದಿತ್ತು, ಸೋಮವಾರ ಮುಂಜಾನೆ ರೆಕಾರ್ಡ್ ರೂಮಿನ ಬಾಗಲಾ ತಗದ್ರ ವಾಸನಿ ಮೊದಲ ಬಂತು. ಕೆಂಪು ಅರಿವ್ಯಾಗ ಕಟ್ಟಿಟ್ಟ ಗಂಟು ನೀರು ಕುಡದು ಉಬ್ಬಿ ಕುಂತಿದ್ವು. ಮ್ಯಾಲ ಹತ್ತಿ ನೋಡಿದ್ರ ಟೆರೇಸಿನ ನೀರು ಹೋಗೋ ಪೈಪಿನ ಬಾಯಿಗೆ ಬೇವಿನ ಎಲಿ ತುಂಬಿ, ಅದರ ಮ್ಯಾಲ ಒಂದು ಹಾಲಿನ ಪ್ಯಾಕೆಟ್ ಸಿಕ್ಕೊಂಡಿತ್ತು. ಅಷ್ಟ. ಹತ್ತು ನಿಮಿಷದ ಕೆಲಸ. ನಾವು ನಾಕ ಮಂದಿ ಸೇರಿ ಕಾಗದ ಒಂದೊಂದ ಬಿಡಿಸಿ ಮೀಟಿಂಗ್ ಹಾಲಿನ ಫ್ಯಾನ್ ಕೆಳಗ ಹಾಸಿದ್ವಿ, ಹಾರಬಾರದಂತ ಅಂಗಳದಾಗಿನ ಸಣ್ಣ ಕಲ್ಲು ಆರಿಸಿ ತಂದು ಇಟ್ವಿ, ಮೂರು ದಿನ ಬ್ಯಾರೆ ಕೆಲಸನ ಇಲ್ಲ. ಅದ ವಾರ ಒಬ್ಬರು ಯಜಮಾನ್ರು ಹಳೇ ಆದೇಶದ ನಕಲು ಬೇಕಂತ ಬಂದ್ರು. ಹಾಳಿ ಸಿಕ್ತು, ಆದ್ರ ಮಸಿ ಹರಡಿ ಅರ್ಧ ಅಕ್ಷರ ಹೋಗಿದ್ವು. "ಸಾಹೇಬ್ರ, ನಮ್ಮಪ್ಪನ ಹೆಸರರ ಓದಾಕ ಬರತೈತೇನು ನೋಡ್ರಿ" ಅಂದ್ರು. ನನಗ ಅವರ ಮಾರಿ ನೋಡಾಕ ಆಗಲಿಲ್ಲ.

ಅವತ್ತಿಂದ ನಾ ಕೇಳಾಕ ಹತ್ತಿದ್ದು ಒಂದ ಪ್ರಶ್ನೆ, ಆ ಪೈಪಿನ ಬಾಯಿ ಸ್ವಚ್ಛ ಮಾಡಿಸೋ ಜವಾಬ್ದಾರಿ ಯಾರದು? ಲೋಕೋಪಯೋಗಿ ಸೆಕ್ಷನ್ ಆಫೀಸರ್‌ಗೆ ಕೇಳಿದ್ರ "ಕಟ್ಟಿ ಹ್ಯಾಂಡೋವರ್ ಮಾಡೇವ್ರಿ, ಈ ವರ್ಷದ ನಿರ್ವಹಣೆ ಲಿಸ್ಟಿನ್ಯಾಗ ನಿಮ್ಮ ಕಟ್ಟಡ ಇಲ್ಲ, ಗ್ರ್ಯಾಂಟ್ ಬಂದ್ರ ಎಸ್ಟಿಮೇಟ್ ಮಾಡ್ತೀವಿ" ಅಂದ್ರು. ಕೆಳಗಿನ ಅಂತಸ್ತಿನ ಇಲಾಖೆಯವರು ಟೆರೇಸ್ ನಮಗ ಸಂಬಂಧ ಇಲ್ಲ ಅಂದ್ರು. ನಮ್ಮ ಡಿಡಿಓ, ಅಂದ್ರ ಕಚೇರಿ ಬಿಲ್ಲಿಗೆ ಸಹಿ ಹಾಕಿ ರೊಕ್ಕ ತಗಿಯೋ ಅಧಿಕಾರಿ, ಸಾದಿಲ್ವಾರು (ಸಣ್ಣಪುಟ್ಟ ಖರ್ಚಿನ) ರೊಕ್ಕದಾಗ ಪೆನ್ನು, ಕಾಗದ, ಟಪಾಲಿಂದ ಅಷ್ಟ ಬರತೈತಿ, ಕಟ್ಟಡದ ರಿಪೇರಿ ಹಾಕಿದ್ರ ಆಡಿಟ್ ಆಕ್ಷೇಪಣೆ ಬರತೈತಿ ಅಂದ್ರು. ಮೂರೂ ಮಂದಿ ಸುಳ್ಳು ಹೇಳಲಿಲ್ಲ, ಅದ ನನಗ ಭಾಳ ಸಂಕಟ ಆಗಿದ್ದು. ಕಟ್ಟೋರು ಒಬ್ಬರು, ವಾಪರಸೋರು ಇನ್ನೊಬ್ಬರು, ರೊಕ್ಕ ಕೊಡೋರು ಮತ್ತೊಬ್ಬರು, ನಡುವ ಕಟ್ಟಡ ದಿನಾ ನೋಡೋರು ಯಾರೂ ಇಲ್ಲ.

ದಿಲ್ಲಿಯೊಳಗ ಕೇಂದ್ರ ಸರ್ಕಾರದ ಕಚೇರಿಗಳಿಗೆ ಒಂದು ಪದ್ಧತಿ ಐತಿ, ಡೈರೆಕ್ಟರೇಟ್ ಆಫ್ ಎಸ್ಟೇಟ್ಸ್ ಅಂತ ಒಂದು ಆಫೀಸ್ ಯಾವ ಇಲಾಖೆಗೆ ಎಷ್ಟು ಜಾಗ ಅಂತ ಹಂಚತೈತಿ, ಸಿಪಿಡಬ್ಲ್ಯೂಡಿ, ಅಂದ್ರ ಕೇಂದ್ರದ ಲೋಕೋಪಯೋಗಿ ಇಲಾಖೆ, ಕಟ್ಟಿ ಸಂಭಾಳಿಸತೈತಿ. ಅಲ್ಲಿ ಎಲ್ಲಾ ಸರಿ ಐತಿ ಅಂತ ನಾ ಹೇಳಾಕ ಹತ್ತಿಲ್ಲ, ಆದ್ರ ಜಾಗದ ಬಗ್ಗೆ ಯಾರನ್ನ ಕೇಳಬೇಕು ಅನ್ನೋದರ ಗೊತ್ತಿರತೈತಿ. ತಾಲೂಕಿನ್ಯಾಗ ನಮಗ ಅಷ್ಟರ ಬೇಕಲ್ಲ.

ಬಾಡಿಗಿ ಕಟ್ಟಡದ್ದು ಬ್ಯಾರೇನ ಕಥಿ. 2017-18ರ ಬಜೆಟ್‌ನ್ಯಾಗ ಹೊಸ ತಾಲೂಕು ಘೋಷಣೆ ಆದ್ವು, ನಮ್ಮ ಜಿಲ್ಲೆದಾಗ ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಬಂದ್ವು. ತಾಲೂಕು ಆತು ಅಂದ್ರ ಮಂದಿಗೆ ಖುಷಿ, ನಮಗೂ ಖುಷಿನ, ಆದ್ರ ಹೊಸ ತಾಲೂಕು ಅಂದ್ಕೂಡ್ಲೆ ಹತ್ತಾರು ಇಲಾಖೆಗೆ ಜಾಗ ಬೇಕು. ಖಾಸಗಿ ಕಟ್ಟಡ ಹಿಡೀಬೇಕಂದ್ರ ಲೋಕೋಪಯೋಗಿ ಇಲಾಖೆಯವರು ಅಳತಿ ತಗೊಂಡು ಇಷ್ಟು ಬಾಡಿಗಿ ಯೋಗ್ಯ ಅಂತ ಬರದು ಕೊಡಬೇಕು, ಆಮ್ಯಾಲ ಮೇಲಧಿಕಾರಿಗಳ ಮಂಜೂರಾತಿ, ಅಗ್ರಿಮೆಂಟು, ಖಜಾನಿ ಬಿಲ್ಲು. ಅಗ್ರಿಮೆಂಟ್ ಮುಗದ ಮ್ಯಾಲ ನವೀಕರಣದ ಫೈಲು ಎಲ್ಲೆರ ಒಂದು ಟೇಬಲ್ ಮ್ಯಾಲ ನಿಂತ್ರ ಬಾಡಿಗಿ ನಿಂತಂಗ. ಒಬ್ಬ ಮನಿ ಮಾಲೀಕರು, ವಯಸ್ಸಾದವರು, ತಿಂಗಳಾ ಬಂದು ನಮ್ಮ ಬಾಗಲದಾಗ ಕುಂತು ಹೋಗ್ತಿದ್ರು. ಬಾಡಿಗಿ ಕೊಡದ ನಾವು ಅವರಿಗೆ ಸಂಡಾಸ ರಿಪೇರಿ ಮಾಡಸ್ರಿ ಅಂತ ಯಾವ ಬಾಯಿಲೆ ಹೇಳೋದ್ರಿ?

ಇನ್ನ ಅಂಗವಿಕಲರ ವಿಚಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ, ಇರೋ ಸಾರ್ವಜನಿಕ ಕಟ್ಟಡ ಎಲ್ಲಾನೂ ನಿಯಮ ಬಂದ 5 ವರ್ಷದಾಗ ಅವರಿಗೆ ಅನುಕೂಲ ಆಗೂವಂಗ ಮಾಡಬೇಕಿತ್ತು, ನಿಯಮ ಬಂದಿದ್ದು 2017ರಾಗ. ನಮ್ಮ ಆಫೀಸಿಗೆ ರ‍್ಯಾಂಪ್ ಇತ್ತು. ಅದು ಹೋಗಿ ಎರಡು ಮೆಟ್ಟಲ ಕೆಳಗ ನಿಂತಿತ್ತು. ವ್ಹೀಲ್‌ಚೇರ್ ಮ್ಯಾಲ ಬಂದ ಒಬ್ಬ ಹುಡುಗನ್ನ ಅವರಣ್ಣ ಹೊತ್ಗೊಂಡ ಒಳಗ ತಂದ, ಆ ಹುಡುಗ ನಾಚಿಕೊಂಡು ತಲಿ ಎತ್ತಲಿಲ್ಲ.

ಜಾಗ ಇಲ್ಲ ಅನ್ನೋದು ನಮ್ಮ ಕಡೆ ಹಳೇದ. 1885ರಾಗ ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಯಪುರಕ್ಕ ಹೋದಾಗ ಬ್ರಿಟಿಷರು ಆದಿಲ್‌ಶಾಹಿ ಅರಮನಿಗಳೊಳಗ ಆಫೀಸ್ ಇಟ್ರು, ಚೀನಿ ಮಹಲ್ ಅಂಥದ್ರಾಗ ಒಂದು. ಜಾಗ ಇದ್ದಲ್ಲೂ ಸಂಭಾಳಿಸೋ ಕೆಲಸ ತಪ್ಪೂದಿಲ್ಲ. ಬೆಳಗಾವಿ ಸುವರ್ಣ ವಿಧಾನಸೌಧ ನೋಡ್ರಿ, 2012ರ ಅಕ್ಟೋಬರ್ 11ಕ್ಕ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರು ಉದ್ಘಾಟನೆ ಮಾಡಿದ್ರು. ಅಷ್ಟು ದೊಡ್ಡ ಕಟ್ಟಡಕ್ಕ ಅಧಿವೇಶನ ಇಲ್ಲದ ದಿನಾನೂ ಲಿಫ್ಟು, ನೀರು, ಕಾವಲು, ಸ್ವಚ್ಛತೆ ಬೇಕ ಬೇಕು. ಅಲ್ಲಿಗೆ ಬಾಡಿಗಿ ಕಟ್ಟಡದಾಗಿದ್ದ ಕೆಲವು ಕಚೇರಿ ಕಳಿಸಿದ್ದು ನನಗ ಸರಿ ಅನಸತೈತಿ, ಆದ್ರ ಊರಿಂದ ಬರೋ ಮಂದಿಗೆ ಬಸ್ಸಿನ ಸೌಕರ್ಯ ಮೊದಲ ನೋಡಬೇಕು, ಕಚೇರಿ ಇರೋದು ಅವರ ಸಲುವಾಗಿ.

ನಾ ಕೇಳೋದು ದೊಡ್ಡದೇನಲ್ಲ. ಒಂದು ಕಟ್ಟಡದಾಗ ಎಷ್ಟ ಇಲಾಖೆ ಇರಲಿ, ಕಟ್ಟಡಕ್ಕ ಅಂತ ಒಬ್ಬ ಅಧಿಕಾರಿ ಹೆಸರು ಆದೇಶದಾಗ ಬರಲಿ, ಅವರ ಕೈಯಾಗ ಸಣ್ಣ ರಿಪೇರಿಗೆ ಒಂದಿಷ್ಟು ರೊಕ್ಕ ಇರಲಿ, ಅವರ ಹೆಸರು ಬಾಗಲದಾಗಿನ ಬೋರ್ಡಿನ ಮ್ಯಾಲ ಇರಲಿ. ಕುರ್ಚಿ ಟೇಬಲ್ಲಿಗೆ ನಾವು ಡೆಡ್ ಸ್ಟಾಕ್ ರಿಜಿಸ್ಟರ್ ಇಡ್ತೀವಿ, ಪ್ರತಿ ವರ್ಷ ಎಣಸ್ತೀವಿ, ಅವನ್ನೆಲ್ಲಾ ಹೊತ್ತು ನಿಂತ ಕಟ್ಟಡಕ್ಕ ಒಂದು ಪುಸ್ತಕ ಬ್ಯಾಡೇನ್ರಿ?

ಅದಕ್ಕ ನಾನ ಒಂದು ಇಟ್ಟೆ. ಇನ್ನೂರು ಪುಟದ ಲಾಂಗ್ ಬುಕ್ಕು, ಮೊದಲನೇ ಪುಟದಾಗ ಕಟ್ಟಡದ ಅಳತಿ, ಹ್ಯಾಂಡೋವರ್ ಪತ್ರದ ನಂಬರು, ಆಮ್ಯಾಲ ನೀರಿನ ಟಾಕಿ ತೊಳದ ತಾರೀಖು, ಬೆಂಕಿ ಆರಸೋ ಸಿಲಿಂಡರ್ ತುಂಬಿಸಿದ್ದು, ಮೇ ತಿಂಗಳಾಗ ಟೆರೇಸ್ ಸ್ವಚ್ಛ ಮಾಡಿದ್ದು, ಯಾರಿಗೆ ಎಂದು ಪತ್ರ ಬರದ್ವಿ ಅನ್ನೋದು. ಟೆರೇಸ್ ಹತ್ತಾಕ ನಮ್ಮ ಗ್ರೂಪ್ ಡಿ ಅಣ್ಣಾರು ಮುಂದ ಬಂದ್ರು, ಯಾರೂ ಹೇಳಿರಲಿಲ್ಲ. ಎರಡು ಮಳಿಗಾಲ ಒಂದು ಹನಿ ಒಳಗ ಬರಲಿಲ್ಲ.

ರಿಟೈರ್ ಆಗೋ ದಿನ ಚಾರ್ಜ್ ಲಿಸ್ಟಿನ್ಯಾಗ ಆ ಪುಸ್ತಕಾನೂ ಸೇರಿಸಿ ಸಹಿ ತಗೊಂಡೆ. ರ‍್ಯಾಂಪಿನ ಎರಡು ಮೆಟ್ಟಲ ತಗಸೋ ಪತ್ರ ಅದರ 14ನೇ ಪುಟದಾಗ ಐತಿ, ಉತ್ತರ ಇನ್ನೂ ಬಂದಿರಲಿಲ್ಲ. ಈಗ ಆ ಕುರ್ಚಿ ಮ್ಯಾಲ ಇರೋರು ಇದನ್ನ ಓದಿದ್ರ, ದಯವಿಟ್ಟು ಅಲ್ಲಿಂದ ಮುಂದ ಒಂದು ಜ್ಞಾಪನ ಬರೀರಿ.