ಎರಡೂವರೆ ವರ್ಷದ ಉಪ್ಪುನೀರಿನ ಟ್ಯಾಂಕಿಗೆ ಉಸುಕು: ಮೂರು ಭಾನುವಾರದ ಕೆಲಸ

ಬಳ್ಳಾರಿಯ ನಮ್ಮ ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕಿರುವ ಉಪ್ಪುನೀರಿನ ಗಾಜಿನ ಟ್ಯಾಂಕಿಗೆ ಎರಡೂವರೆ ವರ್ಷ ಆಯಿತು. ಮೂರು ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಇಷ್ಟು ದಿನ ತಳದಲ್ಲಿ ಬರೀ ಗಾಜು, ಕಸ ಎಳೆಯೋಕೆ ಸುಲಭ ಅಂತ ಹಾಗೇ ಬಿಟ್ಟಿದ್ದೆ. ದೀಪಾವಳಿ ಹೊತ್ತಿಗೆ ಹಳದಿ ವಾಚ್‌ಮನ್ ಗೋಬಿ ತಂದೆ. ಅದು ಉಸುಕಿನಲ್ಲಿ ಬಿಲ ಮಾಡಿಕೊಂಡು ಬಾಗಿಲಲ್ಲಿ ಕಾವಲು ಕೂರುವ ಮೀನು. ನಮ್ಮಲ್ಲಿ ಪೈಪಿನ ಹಿಂದೆ ಮೂಲೆ ಹಿಡಿದು ಕೂತಿತ್ತು. ನೋಡಿ ನೋಡಿ ಸಂಕಟ ಆಯಿತು, ಉಸುಕು ಹಾಕಲೇಬೇಕು ಅಂತ ತೀರ್ಮಾನ ಮಾಡಿದೆ.

'ತುಂಗಭದ್ರಾ ಹೊಳಿ ಉಸುಕು ಇರೂವಾಗ ರೊಕ್ಕ ಕೊಟ್ಟು ಯಾಕ ತರಸ್ತಿ?' ಅಂದ ಗೆಳೆಯ. ಎರಡೂ ಉಸುಕನ್ನ ಒಂದೊಂದು ಚಮಚ ತಟ್ಟೆಗೆ ಹಾಕಿ, ಅವನ ಎದುರೇ ನಿಂಬೆಹಣ್ಣು ಹಿಂಡಿದೆ. ಬೆಂಗಳೂರಿಂದ ತರಿಸಿದ ಅರಗೊನೈಟ್ ಸಣ್ಣಗೆ ಗುಳ್ಳೆ ಬಿಟ್ಟಿತು, ಹೊಳೆ ಉಸುಕು ಸುಮ್ನೆ ಇತ್ತು. ಅರಗೊನೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಚಿಪ್ಪು ಹವಳ ಆಗಿರೋದೂ ಅದರಿಂದಲೇ. ಹೊಳೆಯದು ಹೆಚ್ಚಾಗಿ ಕಲ್ಲು ಸವೆದು ಆದ ಸಿಲಿಕಾ. ಆಮೇಲೆ ಹೊಳೆ ಉಸುಕಿನಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಕಾಳುಗಳು ಮೀಸೆ ಥರ ಅಂಟಿಕೊಂಡು ಬಂದವು. ಕಬ್ಬಿಣದ ಅಂಶ ಇರೋದನ್ನ ನಾನಂತೂ ಹವಳ ಇರುವ ನೀರಿಗೆ ಹಾಕಲ್ಲ.

ಮೂರು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚುಕಡಿಮೆ 12 ಲೀಟರ್, ಅಂದರೆ ಸುಮಾರು 18 ಕೆಜಿ ಬೇಕಾಯಿತು. ಚಿರೋಟಿ ರವೆಯಷ್ಟು ಸಣ್ಣದು ಬೇಡ, ನೀರಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಅದನ್ನ ಗಾಳಿಗೆ ಹಾರಿಸಿದ ಹಾಗೆ ಎಬ್ಬಿಸುತ್ತದೆ. ಇಡ್ಲಿ ರವೆಗಿಂತ ಚೂರು ದಪ್ಪದ್ದು ತಗೊಂಡೆ.

ಮೊದಲ ಭಾನುವಾರ ಪೂರ್ತಿ ತೊಳೆಯೋದೇ ಆಯಿತು. ನಲ್ಲಿ ನೀರಲ್ಲಿ ಎಂಟು ಸಲ, ಆರ್‌ಒ ನೀರಲ್ಲಿ ಒಂದು ಸಲ. ಮೊದಮೊದಲು ಬಕೆಟ್ ತುಂಬ ಅಕ್ಕಿ ತೊಳೆದ ನೀರಿನ ಥರ ಬೆಳ್ಳಗೆ, ಕೈ ಹಾಕಿದರೆ ಬೆರಳು ಕಾಣಲ್ಲ. 'ನೀರು ಬರೋದ ನಾಕ ದಿನಕ್ಕೊಮ್ಮೆ, ಉಸುಕು ತೊಳಿಯಾಕ ಇಷ್ಟು ಬೇಕೇನೋ?' ಅಂದರು ಅವ್ವ. ಆ ನೀರಲ್ಲಿ ಇನ್ನೂ ಉಪ್ಪು ಸೇರಿರಲಿಲ್ಲ, ಅದಕ್ಕೆ ಅಷ್ಟನ್ನೂ ನುಗ್ಗೆ ಗಿಡಕ್ಕೆ ಹಾಕಿದೆ. ಸಂಜೆ ಟ್ಯಾಂಕಿನ ತಳದ ಕಸವನ್ನೆಲ್ಲ ಪೈಪಿನಿಂದ ಎಳೆದೆ. ಇದನ್ನ ಬಿಡಬಾರದು, ಕಸದ ಮೇಲೆ ಉಸುಕು ಮುಚ್ಚಿದರೆ ಅದು ಅಲ್ಲೇ ಕೊಳೆಯುತ್ತದೆ.

ಎರಡನೇ ಭಾನುವಾರ ಅರ್ಧ ಮಾತ್ರ. ಬದಲಿಸೋಕೆ ತೆಗೆದ 10 ಲೀಟರ್ ಹಳೇ ನೀರಲ್ಲೇ ಕೊನೆಯ ಸಲ ತೊಳೆದೆ, ಇಲ್ಲದಿದ್ದರೆ ಉಸುಕಿನ ಜೊತೆ ಸಿಹಿನೀರು ಹೋಗಿ ಉಪ್ಪಿನ ಮಟ್ಟ ಇಳಿಯುತ್ತದೆ. ವೇವ್‌ಮೇಕರ್, ಪಂಪು ಎರಡೂ ಬಂದ್, ಗಾಳಿ ಗುಳ್ಳೆ ಬಿಡುವ ಏರ್‌ಸ್ಟೋನ್ ಮಾತ್ರ ಚಾಲೂ. ಒಂದೂವರೆ ಇಂಚಿನ ಪಿವಿಸಿ ಪೈಪನ್ನ ತಳಕ್ಕೆ ಮುಟ್ಟಿಸಿ, ಮೇಲೆ ತಳ ಕೊಯ್ದ ಎರಡು ಲೀಟರ್ ಬಾಟಲಿಯನ್ನ ಲಾಳಿಕೆ ಮಾಡಿ, ಲೋಟ ಲೋಟ ಬಿಟ್ಟೆ. ಪೈಪನ್ನ ಮೆಲ್ಲಗೆ ಸರಿಸುತ್ತಾ ಹೋದರೆ ಕಲ್ಲಿನ ಸುತ್ತ ಗುಡ್ಡೆ ಗುಡ್ಡೆಯಾಗಿ ಕೂರುತ್ತದೆ, ಹವಳದ ಮೇಲೆ ಒಂದು ಕಾಳೂ ಬೀಳಲ್ಲ. ನಮ್ಮ ಕಲ್ಲುಗಳು ಮೊದಲೇ ಗಾಜಿನ ಮೇಲೆ ಕೂತಿದ್ದು ಒಳ್ಳೇದೇ ಆಯಿತು, ಉಸುಕಿನ ಮೇಲೆ ಕಲ್ಲು ಇಟ್ಟರೆ ಮೀನು ಕೆಳಗೆ ಅಗೆದಾಗ ಉರುಳುತ್ತವೆ. ನಲವತ್ತು ನಿಮಿಷಕ್ಕೆ ಪಂಪು ಹಾಕಿದೆ. ಜಾಸ್ತಿ ಹೊತ್ತು ನಿಲ್ಲಿಸೋಕೆ ಧೈರ್ಯ ಬರಲಿಲ್ಲ, ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಇದನ್ನ ಬೇಸಿಗೆಗೆ ಮೊದಲೇ, ಸಂಕ್ರಾಂತಿ ಆದ ಕೂಡಲೇ ಹಿಡಿದದ್ದೂ ಅದಕ್ಕೇ. ಮಾರನೇ ದಿನ ಮಧ್ಯಾಹ್ನಕ್ಕೆ ನೀರು ತಿಳಿಯಾಯಿತು.

ಮೂರನೇ ಭಾನುವಾರ ಉಳಿದದ್ದು ಹಾಕಿದೆ, ಅವತ್ತೇ ಎಡವಟ್ಟಾಯಿತು. 18 ಕೆಜಿ ಉಸುಕು ಆರು ಲೀಟರ್ ನೀರಿನ ಜಾಗ ತಿನ್ನುತ್ತದೆ. ಆದರೆ ನಾನು ಎರಡೂ ವಾರ ತೆಗೆದಷ್ಟೇ ಹೊಸ ನೀರು ವಾಪಸ್ ಹಾಕಿದ್ದೆ. ಟ್ಯಾಂಕಿನ ಕೆಳಗೆ ಸಂಪ್ ಅಂತ ಒಂದು ತೊಟ್ಟಿ ಇದೆ, ಮೇಲಿಂದ ಉಕ್ಕಿದ ನೀರು ಅದಕ್ಕಿಳಿದು ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಆ ಆರು ಲೀಟರ್ ಅಲ್ಲಿ ಹೋಗಿ ಕೂತಿತ್ತು. ಸಂಜೆ ಕರೆಂಟ್ ಹೋಯಿತು, ಮೇಲಿನ ನೀರು ಯಾವಾಗಿನಂತೆ ಇಳಿಯಿತು, ಸಂಪ್ ತುಂಬಿ ಹಾಲ್ ತುಂಬ ಉಪ್ಪುನೀರು. ಸ್ಪೈಕ್ ಬಸ್ಟರ್ ಗೋಡೆಗೆ ಮೇಲೆ ಹೊಡೆದಿದ್ದರಿಂದ ಬಚಾವ್. ಉಸುಕು ಹಾಕುವವರು ಹೊಸ ನೀರನ್ನ ಉಸುಕು ತಿಂದ ಜಾಗದಷ್ಟು ಕಡಿಮೆ ಹಾಕಿ, ಆಮೇಲೆ ಪಂಪು ಒಮ್ಮೆ ಬಂದ್ ಮಾಡಿ ಸಂಪ್ ಎಲ್ಲಿವರೆಗೆ ತುಂಬುತ್ತದೆ ನೋಡಿಕೊಳ್ಳಿ.

ಒಂದು ವಾರ ದಿನಾ ಪರೀಕ್ಷೆ ಮಾಡಿದೆ. ಮೀನಿಗೆ ವಿಷವಾಗುವ ಅಮೋನಿಯಾ 0, ನೈಟ್ರೈಟ್ 0, ಉಪ್ಪಿನ ಮಟ್ಟ (ಸಾಪೇಕ್ಷ ಸಾಂದ್ರತೆ) 1.025. ಈಗ ಉಸುಕಿನ ಮೇಲೆ ಅಲ್ಲಲ್ಲಿ ಕಂದು ಪದರ ಬರುತ್ತಿದೆ, ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ ಇರಬೇಕು. ಅದು ಹೋಗೋವರೆಗೂ ಗೋಬಿಯ ಜೊತೆ ಒಂದೇ ಬಿಲದಲ್ಲಿ ಇರುವ ಪಿಸ್ತೂಲ್ ಸೀಗಡಿ ತರಲ್ಲ.

ಗೋಬಿ ಮೊದಲ ಮೂರು ದಿನ ಪೈಪಿನ ಹಿಂದೆಯೇ ಇತ್ತು. ನಿನ್ನೆ ಸಂಜೆ ಎಡಗಡೆ ಕಲ್ಲಿನ ಬುಡಕ್ಕೆ ಬಂದು ಬಾಯಿ ತುಂಬ ಉಸುಕು ತಗೊಂಡು, ಒಂದು ಗೇಣು ಆಚೆ ಹೋಗಿ ಉಗುಳಿ, ತಿರುಗಿ ಬಂತು. ಅರ್ಧ ಗಂಟೆ ಹಂಗೇ ಮಾಡಿತು. ಈಗ ಅಲ್ಲೊಂದು ಹೆಬ್ಬೆರಳು ಹಿಡಿಯೋಷ್ಟು ತೂತು ಇದೆ, ಅದರೊಳಗಿಂದ ಎರಡು ಕಣ್ಣು ಕಾಣುತ್ತವೆ.