ರಾಣಿಯ ಪಕ್ಕೆಲುಬು ಮತ್ತು ಒಂದು ಡಬ್ಬಿ

ನಮ್ಮ ರಾಣಿ ಲ್ಯಾಬ್ರಡಾರ್. ತಟ್ಟೆ ನೆಕ್ಕಿ ಎರಡು ನಿಮಿಷ ಆಗಿರುವುದಿಲ್ಲ, ಬೆಳಗಿನಿಂದ ಉಪವಾಸ ಅನ್ನೋ ಮುಖ ಮಾಡಿಕೊಂಡು ಬಂದು ಕೂರುತ್ತಾಳೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಅನ್ನೋ ಜೀನ್‌ನಲ್ಲಿ ಒಂದು ತುಣುಕೇ ಇರುವುದಿಲ್ಲ, ಅಂಥವಕ್ಕೆ ತಿನ್ನುವ ಆಸೆ ಜಾಸ್ತಿ ಅಂತ 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಹೇಳಿದರು. ರಾಣಿಗೆ ಆ ಪರೀಕ್ಷೆ ಮಾಡಿಸಿಲ್ಲ. ಮುಖ ನೋಡಿದರೆ ಸಾಕು, ಅಲ್ವಾ?

ಅದಕ್ಕೇ ಮೈ ದಪ್ಪ ಆಗಿದೆಯೋ ಇಲ್ಲವೋ ತಿಳಿಯಲು ನಾನು ಅವಳ ಮುಖ ನೋಡುವುದಿಲ್ಲ, ಪಕ್ಕೆ ಮುಟ್ಟಿ ನೋಡುತ್ತೇನೆ. ನಿಮ್ಮ ಒಂದು ಕೈ ಚಾಚಿ, ಇನ್ನೊಂದು ಕೈಬೆರಳಿನಿಂದ ಅದರ ಹಿಂಬದಿಯ ಗೆಣ್ಣುಗಳ ಮೇಲೆ ಸವರಿ. ಒತ್ತದೇ ಮೂಳೆ ಸಿಗುತ್ತದೆ. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಸರಿಯಾಗಿದೆ. ಅಂಗೈ ಮುಟ್ಟಿದ ಹಾಗೆ ಮೆತ್ತಗಿದ್ದರೆ ಕೊಬ್ಬು ಬಂದಿದೆ. ಮುಷ್ಟಿಯ ಗೆಣ್ಣಿನ ಹಾಗೆ ಚುಚ್ಚಿದರೆ ತೀರಾ ಸಣ್ಣ. ಮೇಲಿಂದ ನೋಡಿದಾಗ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಏರಿರಬೇಕು. ರೋಮ ದಟ್ಟ ಇರುವ ನಾಯಿಯಾದರೆ ಕಣ್ಣು ಮೋಸ ಮಾಡುತ್ತದೆ, ಕೈಯೇ ಗತಿ.

ಸಂತಾನಹರಣ ಆಪರೇಷನ್ ಆದ ಮೇಲೆ ನಾಯಿಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಹಸಿವು ಮಾತ್ರ ಏರುತ್ತದೆ. ರಾಣಿ ದಪ್ಪ ಆಗಿದ್ದೂ ಆಗಲೇ. ಡಾಕ್ಟರು ಥೈರಾಯ್ಡ್ ನೋಡಿದರು, ತೊಂದರೆ ಇರಲಿಲ್ಲ. ವಾರಕ್ಕೆ ಮೈತೂಕದ ನೂರಕ್ಕೆ ಒಂದೆರಡು ಭಾಗ ಇಳಿದರೆ ಸಾಕು, ಅವಸರ ಬೇಡ ಅಂದರು. 35 ಕಿಲೋ ನಾಯಿಗೆ ಅದು 350ರಿಂದ 700 ಗ್ರಾಂ.

ನಮ್ಮ ಮನೆಯಲ್ಲಿ ಕಷ್ಟ ಇದ್ದದ್ದು ಊಟದಲ್ಲಲ್ಲ, "ಒಂದೇ ಒಂದು" ಅಂತ ಎಲ್ಲರೂ ಕೊಡುವ ತಿಂಡಿಯಲ್ಲಿ. ಈಗ ಬೆಳಿಗ್ಗೆಯೇ ದಿನದ ಊಟವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದು ಡಬ್ಬಿಗೆ ಹಾಕುತ್ತೇನೆ. ಕಪ್ಪಿನ ಅಳತೆ ನನಗೆ ನಂಬಿಕೆ ಇಲ್ಲ, ಒಬ್ಬರು ತುಂಬಿದ ಹಾಗೆ ಇನ್ನೊಬ್ಬರು ತುಂಬುವುದಿಲ್ಲ. ಯಾರೇ ಏನೇ ಕೊಟ್ಟರೂ ಆ ಡಬ್ಬಿಯಿಂದಲೇ. ಡಬ್ಬಿ ಖಾಲಿ ಆದರೆ ಮುಗಿಯಿತು. ಬೇರೆ ತಿಂಡಿ ಕೊಡಲೇಬೇಕಿದ್ದರೆ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ದಾಟಬಾರದು.

ಅಮ್ಮನಿಗೆ ಮಾತ್ರ ಮನಸ್ಸು ತಡೆಯುವುದಿಲ್ಲ. ಅವರಿಗೆ ಹಸಿ ಕ್ಯಾರೆಟ್‌ನ ಸಣ್ಣ ಚೂರು ಕೊಡಲು ಬಿಟ್ಟಿದ್ದೇನೆ. ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ, ಅವೆರಡನ್ನು ಮುಟ್ಟಬೇಡಿ ಅಂತಲೂ ಹೇಳಿದ್ದೇನೆ. ರಾಣಿಗೆ ಕ್ಯಾರೆಟ್ ರುಚಿಯೋ ಇಲ್ಲವೋ ಗೊತ್ತಾಗುವುದೇ ಇಲ್ಲ, ಅಗಿಯುವ ಮೊದಲೇ ನುಂಗಿರುತ್ತಾಳೆ.