ಹನ್ನಾ ಮಾರ್ಶ್‌ಮನ್ ಜೀವನಚರಿತ್ರೆ: ಬರವಣಿಗೆ ಎಲ್ಲಿಗೆ ಬಂದಿದೆ

ಬಂಗಾಳದ ಮಿಷನರಿ ಜೋಶುವಾ ಮಾರ್ಶ್‌ಮನ್ ಅವರ ಹೆಂಡತಿಯಾಗಿ, ತಾವೇ ಶಾಲೆಯನ್ನೂ ನಡೆಸಿದ ಹನ್ನಾ ಮಾರ್ಶ್‌ಮನ್ ಅವರ ಬದುಕನ್ನು ಕುರಿತು, ನೂರು ಪುಟ ಮೀರದ ಒಂದು ಕನ್ನಡ ಜೀವನಚರಿತ್ರೆಯನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದೇನೆ. ಮೊದಲ ಮೂರು ಅಧ್ಯಾಯಗಳ ಕರಡು ಓದಬಹುದಾದ ಸ್ಥಿತಿಗೆ ಬಂದಿದೆ, ನಾಲ್ಕನೆಯದು ಅರ್ಧದಲ್ಲಿದೆ, ಐದನೆಯದಕ್ಕೆ ಟಿಪ್ಪಣಿಗಳಷ್ಟೇ ಸಿದ್ಧವಾಗಿವೆ. ಬಂಗಾಳದ ಸೆರಾಂಪುರ ಎಂದೊಡನೆ, ಕ್ರೈಸ್ತರಲ್ಲಿ ಬ್ಯಾಪ್ಟಿಸ್ಟ್ ಪಂಥದ ಮಿಷನರಿಗಳಾದ ವಿಲಿಯಂ ಕೇರಿ, ಜೋಶುವಾ ಮಾರ್ಶ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ. ಆ ಮೂವರ ಊಟದ ವ್ಯವಸ್ಥೆ ನೋಡಿಕೊಂಡು, ಕೇರಿಯವರ ಮಕ್ಕಳನ್ನೂ ತಿದ್ದಿ, ತನ್ನ ಶಾಲೆಯ ಆದಾಯವನ್ನು ಮಿಷನ್ನಿನ ಬೊಕ್ಕಸಕ್ಕೆ ಹಾಕಿದ ಹೆಂಗಸು ಮಾತ್ರ ಆ ಎಣಿಕೆಯಲ್ಲಿ ಸೇರುವುದಿಲ್ಲ. ಆದುದರಿಂದ ಅಧ್ಯಾಯಗಳನ್ನು ದೀಕ್ಷಾಸ್ನಾನಗಳ ಮತ್ತು ಬೈಬಲ್ ಅನುವಾದಗಳ ಕ್ರಮದಲ್ಲಿ ಜೋಡಿಸದೆ, ಶಾಲೆಯ ಲೆಕ್ಕ ಮತ್ತು ಮನೆಯ ತೊಟ್ಟಿಲು ಎಂಬ ಎರಡು ಎಳೆಗಳನ್ನು ಹಿಡಿದು ಜೋಡಿಸಬೇಕೆಂದು ಆರಂಭದಲ್ಲಿಯೇ ನಿಶ್ಚಯಿಸಿದ್ದೆ. ಇದುವರೆಗಿನ ಬರವಣಿಗೆ ಆ ನಿಶ್ಚಯವನ್ನು ಗಟ್ಟಿಗೊಳಿಸಿದೆ.

ಮೊದಲ ಅಧ್ಯಾಯ ಚಿಕ್ಕದು, ಅದನ್ನು ಹಿಗ್ಗಿಸುವ ಆಸೆಯೂ ನನಗಿಲ್ಲ. ಹನ್ನಾ ಶೆಪರ್ಡ್ ಹುಟ್ಟಿದ್ದು 1767ರಲ್ಲಿ, ಇಂಗ್ಲೆಂಡಿನಲ್ಲಿ. ಅವರ ಅಜ್ಜ ಜಾನ್ ಕ್ಲಾರ್ಕ್ ವಿಲ್ಟ್‌ಷೈರಿನ ಕ್ರಾಕರ್ಟನ್ ಎಂಬ ಊರಿನ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾಗಿದ್ದರು. ಆ ಹೆಸರನ್ನೇ ಹನ್ನಾ ಮುಂದೆ ತಮ್ಮ ಮಗನಿಗೆ ಇಟ್ಟರು. 1791ರಲ್ಲಿ ನೇಯ್ಗೆಯ ಕಸುಬಿನ ಜೋಶುವಾ ಮಾರ್ಶ್‌ಮನ್ ಅವರೊಡನೆ ಮದುವೆಯಾಯಿತು. 1794ರಲ್ಲಿ ದಂಪತಿಗಳು ಬ್ರಿಸ್ಟಲಿಗೆ ಹೋದರು; ಅಲ್ಲಿಯ ಬ್ರಾಡ್‌ಮೀಡ್ ಬ್ಯಾಪ್ಟಿಸ್ಟ್ ಸಭೆಯ ಶಾಲೆಯಲ್ಲಿ ಜೋಶುವಾಗೆ ಮೇಷ್ಟರ ಕೆಲಸ ದೊರೆತಿತ್ತು. ಮಗ್ಗ ಬಿಟ್ಟು ಬಂದ ಮನುಷ್ಯ ಬ್ರಿಸ್ಟಲಿನಲ್ಲಿ ಹಳೆಯ ಭಾಷೆಗಳನ್ನು ಕಲಿಯುತ್ತಿದ್ದ ಆ ವರ್ಷಗಳಲ್ಲಿ ಮನೆ ನಡೆಸಿದವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಅಧ್ಯಾಯಕ್ಕೆ ಹಡಗು ಬೇಕಾದಷ್ಟು ಸಾಮಗ್ರಿ ಒದಗಿಸಿತು. 1799ರ ಮೇ ತಿಂಗಳಲ್ಲಿ ಕ್ರೈಟೀರಿಯನ್ ಎಂಬ ಅಮೆರಿಕದ ಹಡಗಿನಲ್ಲಿ ಹೊರಟ, ಮಾರ್ಶ್‌ಮನ್ ಕುಟುಂಬವೂ ಇದ್ದ ಮಿಷನರಿ ತಂಡ ಅಕ್ಟೋಬರ್ 13ರಂದು ಸೆರಾಂಪುರದ ದಡ ಸೇರಿತು. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದ ಮಿಷನರಿಗಳನ್ನು ಕಲ್ಕತ್ತೆಯ ಅಧಿಕಾರಿಗಳು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದ ಕಾಲವದು. ಸೆರಾಂಪುರವಾದರೋ ಡೆನ್ಮಾರ್ಕಿನ ವಶದಲ್ಲಿತ್ತು, ಅಲ್ಲಿಯ ಗವರ್ನರ್ ಓಲೆ ಬೀ ಇವರಿಗೆ ಆಶ್ರಯ ಕೊಟ್ಟು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಂದು ಮೂರು ವಾರವಾಗುವುದರೊಳಗೆ ಸಹಪ್ರಯಾಣಿಕ ವಿಲಿಯಂ ಗ್ರಾಂಟ್ ಜ್ವರದಿಂದ ತೀರಿಕೊಂಡರು. 1801 ಮುಗಿಯುವ ವೇಳೆಗೆ ಜೊತೆಯ ಮಿಷನರಿಗಳಾದ ಬ್ರನ್ಸ್‌ಡನ್, ಫೌಂಟನ್, ಥಾಮಸ್ ಈ ಮೂವರೂ ಇರಲಿಲ್ಲ. ಐದು ವರ್ಷದ ಜಾನ್ ಕ್ಲಾರ್ಕನನ್ನು ಕಟ್ಟಿಕೊಂಡು ಬಂದ ತಾಯಿಗೆ ಈ ಊರು ಮೊದಲು ಪರಿಚಯವಾದದ್ದು ಸಾವಿನ ಮನೆಗಳ ಮೂಲಕ ಎಂಬುದನ್ನು ಅಧ್ಯಾಯದ ಮಧ್ಯದಲ್ಲಿ ಇಟ್ಟಿದ್ದೇನೆ. ದಡದ ಮೇಲೆ ಮೊಣಕಾಲೂರಿ ಸ್ತೋತ್ರ ಸಲ್ಲಿಸಿದ ಪ್ರಸಿದ್ಧ ಪ್ರಸಂಗಕ್ಕೆ ಒಂದೇ ವಾಕ್ಯ ಸಾಕೆನಿಸಿತು, ಏಕೆಂದರೆ ಉಳಿದ ಚರಿತ್ರೆಕಾರರೆಲ್ಲ ಅದನ್ನು ಚೆನ್ನಾಗಿಯೇ ಬರೆದಿದ್ದಾರೆ.

ಹೆಚ್ಚು ಶ್ರಮ ಬೇಡಿದ್ದು ಮೂರನೆಯ ಅಧ್ಯಾಯ, ಪುಸ್ತಕದ ತಿರುಳೂ ಅದೇ. 1800ರ ಜನವರಿಯಲ್ಲಿ ಕೇರಿಯವರ ಕುಟುಂಬ ಬಂಗಾಳದ ಒಳನಾಡಿನ ಮದನಾಬಾಟಿಯಿಂದ ಬಂದು ಇವರನ್ನು ಕೂಡಿಕೊಂಡಿತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು, ಯಾರೂ ಸ್ವಂತಕ್ಕೆ ವ್ಯಾಪಾರ ಮಾಡದಿರುವುದು, ಗಳಿಸಿದ್ದೆಲ್ಲವನ್ನೂ ಸಾಮಾನ್ಯ ನಿಧಿಗೆ ಹಾಕುವುದು, ವಾರದಲ್ಲಿ ಹುಟ್ಟಿದ ಮನಸ್ತಾಪವನ್ನು ಶನಿವಾರ ಸಂಜೆ ಕೂಡಿ ಮಾತಾಡಿ ತೀರಿಸಿಕೊಳ್ಳುವುದು ಎಂದು ನಿಯಮ ಮಾಡಿಕೊಂಡರು. ನಿಯಮ ಬರೆದವರು ಗಂಡಸರು. ಆ ಪಂಕ್ತಿಯನ್ನು ದಿನವೂ ನಡೆಸಬೇಕಾದವರು ಹೆಂಗಸರು. ಹಾಗಿರುವಾಗಲೇ ಅದೇ ವರ್ಷದ ಮೇ 1ರಂದು ಹನ್ನಾ ಮತ್ತು ಜೋಶುವಾ ಎರಡು ವಸತಿಶಾಲೆಗಳನ್ನು ತೆರೆದರು. ಶುಲ್ಕ ಕೊಡಬಲ್ಲ ಮನೆತನಗಳ ಮಕ್ಕಳು ಅಲ್ಲಿಗೆ ಬಂದರು. ಆ ಶುಲ್ಕವೂ, 1801ರಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಯವರಿಗೆ ಬರುತ್ತಿದ್ದ ಸಂಬಳವೂ, ಮಿಷನ್ನಿನದೇ ಆದ ಮುದ್ರಣಾಲಯದ ಗಳಿಕೆಯೂ ಸೇರಿ, ಇಂಗ್ಲೆಂಡಿನ ಹಣಕ್ಕೆ ಕೈಚಾಚದೆ ನಿಲ್ಲುವ ಶಕ್ತಿಯನ್ನು ಮಿಷನ್ನಿಗೆ ಕೊಟ್ಟವು. ಮೂರು ಕಂಬಗಳಲ್ಲಿ ಒಂದು ಹನ್ನಾ ಅವರದೂ ಹೌದೆಂದು ಲೆಕ್ಕವೇ ಹೇಳುತ್ತಿರುವಾಗ ಲೇಖಕ ವಕೀಲಿಕೆ ಮಾಡಬೇಕಾಗಿಲ್ಲ ಎಂದುಕೊಂಡು, ಈ ಭಾಗದಲ್ಲಿ ವಿಶೇಷಣಗಳನ್ನೆಲ್ಲ ತೆಗೆದುಹಾಕಿದೆ.

ಅದೇ ಅಧ್ಯಾಯದಲ್ಲಿ ಕೇರಿಯವರ ನಾಲ್ವರು ಗಂಡುಮಕ್ಕಳ ಪ್ರಸಂಗ ಬರುತ್ತದೆ. ತಾಯಿ ಡೊರೊಥಿಯ ಬುದ್ಧಿ ಕದಡಿಹೋಗಿತ್ತು, ತಂದೆ ಅನುವಾದದಲ್ಲಿ ಮುಳುಗಿದ್ದರು, ಫೀಲಿಕ್ಸ್, ವಿಲಿಯಂ, ಜೇಬೆಜ್, ಜೊನಾಥನ್ ಎಂಬ ಹುಡುಗರು ಹೇಳುವವರು ಕೇಳುವವರಿಲ್ಲದೆ ಬೆಳೆದಿದ್ದರು. ಹುಡುಗರ ಒರಟುತನವನ್ನು ಕೇರಿಯವರು ಕಂಡು ಮರುಗುತ್ತಿದ್ದರಾದರೂ, ತಿದ್ದುವಷ್ಟು ಕಾಠಿಣ್ಯ ಅವರಲ್ಲಿ ಇರಲಿಲ್ಲವೆಂದು ಹನ್ನಾ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಮೇಲ್ಪಂಕ್ತಿಯ ಮಿಷನರಿಯನ್ನು ಕುರಿತು ಹೀಗೆ ಬರೆಯಲು ಎದೆಗಾರಿಕೆ ಬೇಕಾಗಿತ್ತು. ಹನ್ನಾ ಬರೆಯುವುದರ ಜೊತೆಗೆ ಹುಡುಗರ ಕೈಯನ್ನೂ ಹಿಡಿದರು, ವಾರ್ಡ್ ಅವರಿಗೆ ಜೊತೆಯಾದರು. ಭಕ್ತೆಯೆಂದರೆ ತಲೆತಗ್ಗಿಸಿ ಕೂತವಳು ಎಂಬ ಚಿತ್ರ ಇಲ್ಲಿ ಹೊಂದುವುದಿಲ್ಲ.

1800ರ ಡಿಸೆಂಬರ್ 28ರ ಭಾನುವಾರವನ್ನು ಎರಡು ಪುಟ ಪೂರ್ತಿ ಬರೆದಿದ್ದೇನೆ. ಆ ದಿನ ಫೀಲಿಕ್ಸ್ ಕೇರಿ ಮತ್ತು ಬಡಗಿ ಕೃಷ್ಣ ಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ದಡದಲ್ಲಿ ಗವರ್ನರೂ ಊರಿನ ಜನರೂ ನೆರೆದಿದ್ದರು. ಒಂದು ಕೋಣೆಯಲ್ಲಿ ಮತಿಭ್ರಮಣೆಗೊಂಡ ಥಾಮಸ್, ಇನ್ನೊಂದರಲ್ಲಿ ಡೊರೊಥಿ, ಇಬ್ಬರ ಕೂಗಾಟವೂ ದಡದ ಹಾಡಿನೊಂದಿಗೆ ಬೆರೆಯುತ್ತಿತ್ತು. ಬ್ಯಾಪ್ಟಿಸ್ಟರು ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ತಿಳಿದವರು ತಮ್ಮ ನಂಬಿಕೆಯನ್ನು ತಮ್ಮ ಬಾಯಿಂದಲೇ ಅರಿಕೆ ಮಾಡಿಕೊಂಡು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಆದುದರಿಂದ ಈ ಸಭೆಯ ತಾಯಂದಿರಿಗೆ ಮಗುವಿನ ನಂಬಿಕೆ ಹುಟ್ಟಿನೊಂದಿಗೆ ಬಂದ ಆಸ್ತಿಯಲ್ಲ, ವರ್ಷಗಟ್ಟಲೆ ಕಾಯಬೇಕಾದ ಸಂಗತಿ. ತಾವು ಹೆರದ ಫೀಲಿಕ್ಸ್ ಆ ನೀರಿಗಿಳಿದದ್ದು ಹನ್ನಾ ಅವರಿಗೆ ಏನಾಗಿದ್ದಿರಬೇಕೆಂಬುದು ಈ ಹಿನ್ನೆಲೆಯಲ್ಲಿ ಮಾತ್ರ ಅರ್ಥವಾಗುತ್ತದೆ. ಮರುವರ್ಷ ಕೃಷ್ಣ ಪಾಲ್ ಅವರ ನಾದಿನಿ ಜೋಯ್‌ಮನಿ ದೀಕ್ಷಾಸ್ನಾನ ಪಡೆದ ಮೇಲೆ ಬಂಗಾಳಿ ಹೆಂಗಸರಿಗೆ ಕಲಿಸುವ ಹೊಣೆಯೂ ಹನ್ನಾ ಅವರ ದಿನಚರಿಗೆ ಸೇರಿಕೊಂಡಿತು.

ನಡುವೆ ಒಂದು ಮಾತು, ಕನ್ನಡ ಓದುಗರಿಗಾಗಿ. 1812ರ ಮಾರ್ಚ್ 11ರ ರಾತ್ರಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಕಾಗದ, ಅಚ್ಚುಮೊಳೆ, ಹಸ್ತಪ್ರತಿಗಳೆಲ್ಲ ಸುಟ್ಟಾಗ ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿಯಾಯಿತು. ಬೂದಿಯಲ್ಲಿ ಅಚ್ಚುಮೊಳೆ ಎರಕಹೊಯ್ಯುವ ಪಡಿಯಚ್ಚುಗಳು ಹಾಳಾಗದೆ ಸಿಕ್ಕವು, ಕರಗಿ ಗಟ್ಟಿಯಾದ ಸೀಸವನ್ನೇ ಮತ್ತೆ ಎರಕಹೊಯ್ದರು, 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಇದನ್ನು ಹನ್ನಾ ಅವರ ಚರಿತ್ರೆಯಲ್ಲಿ ಸೇರಿಸುವುದು ಅತಿಯಾಯಿತೇ ಎಂದು ಗೆಳೆಯರೊಬ್ಬರು ಕೇಳಿದರು. ಅತಿಯಲ್ಲ ಎಂದೇ ನನ್ನ ಅಭಿಪ್ರಾಯ: ಆ ಕೆಲಸ ನಡೆದ ಮನೆಗೆ ವಸತಿಶಾಲೆಯ ಶುಲ್ಕವೂ ಆಧಾರವಾಗಿತ್ತು.

ನಾಲ್ಕನೆಯ ಅಧ್ಯಾಯ ನಿಧಾನವಾಗಿರುವುದು ವಿಷಯದ ಭಾರದಿಂದ. ಹನ್ನಾ ಹನ್ನೆರಡು ಮಕ್ಕಳನ್ನು ಹೆತ್ತರು. ತಂದೆಯ ಸಾವನ್ನು ದಾಟಿ ಬದುಕಿದವರು ಐವರು ಮಾತ್ರ. ಇದರ ಜೊತೆಗೆ ಇವರನ್ನು ಕಳಿಸಿದ್ದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸಂಘದೊಂದಿಗೆ ಬೆಳೆದ ವ್ಯಾಜ್ಯವೂ ಇದೆ. ಸೆರಾಂಪುರದ ಆಸ್ತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೊಡನೆ, ಮಾರ್ಶ್‌ಮನ್ ಕುಟುಂಬ ವೈಭವದಿಂದ ಬದುಕುತ್ತಿದೆ ಎಂಬ ದೂರೂ ಸೇರಿಕೊಂಡು, 1827ರಲ್ಲಿ ಎರಡೂ ಕಡೆಯವರು ಬೇರೆಯಾದರು. ಆ ದೂರನ್ನು ಮುಚ್ಚದೆ, ಸಾಮಾನ್ಯ ನಿಧಿಯ ನಿಯಮದ ಪಕ್ಕದಲ್ಲಿಯೇ ಇಟ್ಟು ಬರೆದಿದ್ದೇನೆ. 1829ರಲ್ಲಿ ತಾಯಿಯ ಹೆಸರನ್ನೇ ಹೊತ್ತ ಮಗಳು ಹನ್ನಾ, ಹೆನ್ರಿ ಹ್ಯಾವ್ಲಾಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು; ಆತ ಮರುವರ್ಷ ಸೆರಾಂಪುರದಲ್ಲಿ ಬ್ಯಾಪ್ಟಿಸ್ಟನಾದ. 1836ರಲ್ಲಿ ಮಸ್ಸೂರಿಯ ಪಕ್ಕದ ಗಿರಿಧಾಮ ಲಂಡೌರಿನಲ್ಲಿದ್ದ ಅವರ ಬಂಗಲೆ ರಾತ್ರಿಯಲ್ಲಿ ಹೊತ್ತಿ ಉರಿಯಿತು. ಗಂಡ ಮನೆಯಲ್ಲಿರಲಿಲ್ಲ, ಮಗಳಿಗೆ ತೀವ್ರ ಸುಟ್ಟ ಗಾಯಗಳಾದವು, ಅವಳ ಹಸುಗೂಸು ಉಳಿಯಲಿಲ್ಲ. ಈ ಸುದ್ದಿಯಿಂದ ಜೋಶುವಾ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ, 1837ರ ಡಿಸೆಂಬರ್ 5ರಂದು ತೀರಿಕೊಂಡರು. ಸಂಘದೊಡನೆ ಮತ್ತೆ ಒಂದಾಗುವ ಒಪ್ಪಂದ ಅದೇ ತಿಂಗಳಲ್ಲಿ ಲಂಡನ್ನಿನಲ್ಲಿ ಆದರೂ, ಅದರ ಸುದ್ದಿ ಸೆರಾಂಪುರಕ್ಕೆ ತಲುಪುವಾಗ ಅವರಿರಲಿಲ್ಲ. ಬೆಂಕಿಯ ಪ್ರಸಂಗವನ್ನು ತಂದೆಯ ಕಡೆಯಿಂದಲೇ ಹೇಳುವ ವಾಡಿಕೆಯನ್ನು ಬಿಟ್ಟು, ಎಪ್ಪತ್ತರ ಅಂಚಿನ ತಾಯಿಯ ಕಡೆಯಿಂದ ಬರೆಯಲು ಯತ್ನಿಸುತ್ತಿದ್ದೇನೆ. ತಾಯಿ ಏನು ನೆನೆದಳೆಂದು ಕಲ್ಪಿಸಿ ತುಂಬುವ ಸ್ವಾತಂತ್ರ್ಯ ಜೀವನಚರಿತ್ರೆಕಾರನಿಗೆ ಇಲ್ಲವಾದುದರಿಂದ, ಆ ಮನೆಯಲ್ಲಿ ನಡೆದುದನ್ನಷ್ಟೇ ಒಂದರ ಹಿಂದೆ ಒಂದನ್ನು ಇಡುತ್ತಿದ್ದೇನೆ.

ಐದನೆಯದು ವೈಧವ್ಯದ ಅಧ್ಯಾಯ. ವಾರ್ಡ್ 1823ರಲ್ಲಿ, ಕೇರಿ 1834ರಲ್ಲಿ ಹೋಗಿದ್ದರು. 1845ರಲ್ಲಿ ಡೇನರು ಸೆರಾಂಪುರವನ್ನು ಇಂಗ್ಲಿಷರಿಗೆ ಮಾರಿದರು. ಹನ್ನಾ 1847ರ ಮಾರ್ಚ್‌ನಲ್ಲಿ, ತಮ್ಮ ಎಂಬತ್ತನೆಯ ವರ್ಷದಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು. ಮೊದಲ ಗುಂಪಿನ ಹಿರಿಯರೆಲ್ಲ ಹೋದ ಮೇಲೂ ಉಳಿದುಕೊಂಡ ಈ ಸುಮಾರು ಹತ್ತು ವರ್ಷಗಳಿಗೆ ಚರಿತ್ರೆಗಳಲ್ಲಿ ಸಾಲುಗಳೇ ವಿರಳ, ಆದುದರಿಂದ ಅಧ್ಯಾಯವೂ ತೆಳ್ಳಗಿರಲಿ ಎಂದು ತೀರ್ಮಾನಿಸಿದ್ದೇನೆ. ಮಕ್ಕಳ ಜನನ ಮರಣಗಳ ಪಟ್ಟಿಯನ್ನು ಈಗ ಶುದ್ಧಪ್ರತಿ ಮಾಡುತ್ತಿದ್ದೇನೆ. ಅದನ್ನು ಅನುಬಂಧವೆಂದು ಕೊನೆಗೆ ತಳ್ಳದೆ, ಮೊದಲ ಅಧ್ಯಾಯಕ್ಕೂ ಮುಂಚಿನ ಪುಟದಲ್ಲಿ ಅಚ್ಚು ಹಾಕಿಸುವುದೆಂದು ನಿರ್ಧರಿಸಿದ್ದೇನೆ. ಅದು ಮುಗಿದೊಡನೆ ಲಂಡೌರಿನ ಪುಟಗಳಿಗೆ ಮರಳುತ್ತೇನೆ.